ನಾಲ್ಕು ತೂತು, ಎರಡು ತಟ್ಟೆ: ಹಳೇ ಮಸ್ಟಾಂಗ್‌ನ ಸಸ್ಪೆನ್ಷನ್ನು, ಬ್ರೇಕು

1965ರ ಫೋರ್ಡ್ ಮಸ್ಟಾಂಗ್ ಕಾರ್ಖಾನೆಯಿಂದ ಹೊರಬೀಳುವಾಗ ಸಾಮಾನ್ಯವಾಗಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕೇ ಇರುತ್ತಿತ್ತು. ಪೆಡಲ್ ತುಳಿದಾಗ ಬ್ರೇಕ್ ಎಣ್ಣೆಯನ್ನು ಪೈಪುಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಆ ನಾಲ್ಕಕ್ಕೂ ಸೇರಿ ಒಂದೇ, ಅದರ ನೆತ್ತಿಯ ಮೇಲೆ ಎಣ್ಣೆಗೆ ಒಂದೇ ಬಟ್ಟಲು. ಹಿಂದಿನ ಮೂಲೆಯ ಪೈಪೊಂದು ತುಕ್ಕು ತಿಂದು ತೂತಾದರೆ ಸಾಕು, ಪೆಡಲ್ ಸೀದಾ ನೆಲಕ್ಕೆ, ಕಾರು ಸೀದಾ ಮುಂದಕ್ಕೆ. ಇಂಥ ಕಾರು ಕೈಗೆ ಬಂದ ತಕ್ಷಣ ಬಹಳ ಜನ ಮೊದಲು ಕಾರ್ಬುರೇಟರ್ ಬದಲಿಸುತ್ತಾರೆ. ಓಡುವುದು ಅದಕ್ಕೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದ್ದು ತಿರುಗುವುದು ಮತ್ತು ನಿಲ್ಲುವುದು.

ಕಾರಣ ಅದರ ಹುಟ್ಟಿನಲ್ಲೇ ಇದೆ. ಮಸ್ಟಾಂಗ್ ಜನರೆದುರು ಬಂದದ್ದು 1964ರ ಏಪ್ರಿಲ್ 17ರಂದು, ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ. ಆರಂಭದ ಬೆಲೆ 2,368 ಡಾಲರ್. ಆ ಬೆಲೆ ಸಾಧ್ಯವಾದದ್ದು ಉದ್ದ ಬಾನೆಟ್ಟಿನ ಅಡಿಯಲ್ಲಿ ಫಾಲ್ಕನ್ ಎಂಬ ಸಂಸಾರಸ್ಥರ ಅಗ್ಗದ ಕಾರಿನ ಮೂಳೆಗಳನ್ನೇ ಇಟ್ಟಿದ್ದರಿಂದ. (ಇದನ್ನು ದೊಡ್ಡ ಎಂಜಿನ್ನಿನ 'ಮಸಲ್ ಕಾರ್' ಎನ್ನಬಾರದು, ಚಿಕ್ಕ ಮೈಯ 'ಪೋನಿ ಕಾರ್' ಎನ್ನಬೇಕು ಎಂದು ಹಟ ಹಿಡಿಯುವವರಿದ್ದಾರೆ. ಅವರ ಮಾತು ಸರಿ. ಆದರೆ ಬ್ರೇಕ್ ಕಾದು ಸೋಲುವಾಗ ಎರಡರದ್ದೂ ಒಂದೇ ವಾಸನೆ.) ಫಾಲ್ಕನ್ನಿನ ಮುಂಭಾಗದ ವಿನ್ಯಾಸ ಕೆಟ್ಟದ್ದೇನಲ್ಲ. 289 ಕ್ಯುಬಿಕ್ ಇಂಚಿನ ವಿ8 ಹೊತ್ತು ಹೆದ್ದಾರಿಯ ವೇಗದಲ್ಲಿ ತಿರುವು ಹೊಡೆಯಲಿ ಎಂದು ಅದನ್ನು ಮಾಡಿರಲಿಲ್ಲ, ಅಷ್ಟೆ.

ಬಿಡಿಭಾಗ ತರಿಸುವ ಮುಂಚೆ ಗುರುತಿನ ಸಂಖ್ಯೆ ಓದಿ. ಮೊದಲ ಅಂಕಿ ವರ್ಷ, ಎರಡನೆಯ ಅಕ್ಷರ ಕಾರ್ಖಾನೆ: 'ಎಫ್' ಅಂದರೆ ಡಿಯರ್‌ಬಾರ್ನ್, 'ಟಿ' ಅಂದರೆ ನ್ಯೂಜೆರ್ಸಿಯ ಮೆಟಚನ್, 'ಆರ್' ಅಂದರೆ ಸ್ಯಾನ್ ಹೋಸೆ. ಸ್ಯಾನ್ ಹೋಸೆ ಎಂದರೂ ಆ ಕಾರ್ಖಾನೆ ಇದ್ದದ್ದು ಮಿಲ್ಪಿಟಾಸ್‌ನಲ್ಲಿ. ಬೇ ಏರಿಯಾದ ಕನ್ನಡಿಗರು ವಾರಾಂತ್ಯಕ್ಕೆ ಷಾಪಿಂಗ್ ಹೋಗುವ ಗ್ರೇಟ್ ಮಾಲ್ ಅದೇ ಕಟ್ಟಡ. ನಮಗೆ ಬೇಕಾದದ್ದು ಐದನೆಯ ಅಕ್ಷರ, ಎಂಜಿನ್ನಿನದು. 'ಸಿ', 'ಎ', 'ಕೆ' ಇದ್ದರೆ 289ರ ವಿ8. 'ಟಿ' ಅಥವಾ 'ಯು' ಇದ್ದರೆ ಆರು ಸಿಲಿಂಡರಿನ ಕಾರು: ನಾಲ್ಕು ನಟ್ಟಿನ ಚಕ್ರ, 9 ಇಂಚಿನ ಡ್ರಮ್, ಸಣ್ಣ ಸ್ಪಿಂಡಲ್ (ಮುಂದಿನ ಚಕ್ರ ಕೂರುವ ಉಕ್ಕಿನ ತುಂಡು), ಸಣ್ಣ ಹಿಂದಿನ ಆಕ್ಸಲ್. ವಿ8ಕ್ಕೆ ಐದು ನಟ್ಟು, 10 ಇಂಚಿನ ಡ್ರಮ್. ಆರು ಸಿಲಿಂಡರಿನ ಕಾರಿಗೆ ಯಾರೋ ಆಮೇಲೆ ವಿ8 ಇಳಿಸಿ, ಕೆಳಗಿನದನ್ನೆಲ್ಲ ಹಾಗೇ ಬಿಟ್ಟಿರುವುದು ಅಪರೂಪವೇನಲ್ಲ. ಅಂಥದ್ದಕ್ಕೆ ಡಿಸ್ಕ್ ಕಿಟ್ ಮಾತ್ರ ತಂದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಸ್ಪಿಂಡಲ್ಲು, ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡಿನ ತುದಿಗಳು, ಹಿಂದಿನ ಆಕ್ಸಲ್ಲು ಎಲ್ಲವನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಳೇ ಕಾರಿನಲ್ಲಿ ಒಂದು ಭಾಗ ಗಟ್ಟಿ ಮಾಡಿದರೆ ಅದರ ಪಕ್ಕದ್ದು ನರಳಲು ಶುರು ಮಾಡುತ್ತದೆ. ಆದ್ದರಿಂದ ಸವೆದದ್ದನ್ನು ಮೊದಲು ನೋಡಿ, ಹೊಸದನ್ನು ಆಮೇಲೆ ಕೊಳ್ಳಿ. ಮುಂದಿನ ಸ್ಪ್ರಿಂಗು ಈ ಕಾರಿನಲ್ಲಿ, ಚಕ್ರವನ್ನು ಬಾಡಿಗೆ ಸೇರಿಸಿ ಮೇಲೆ ಕೆಳಗೆ ಆಡುವ ಎರಡು ತೋಳುಗಳ ಪೈಕಿ ಮೇಲಿನ ಕಂಟ್ರೋಲ್ ಆರ್ಮ್‌ನ ಮೇಲೆ ಕೂತು, ಬಾನೆಟ್ಟಿನೊಳಗೆ ಎರಡೂ ಪಕ್ಕಕ್ಕೆ ಎದ್ದು ನಿಂತ ಶಾಕ್ ಟವರ್ ಎಂಬ ತಗಡಿನ ಗೋಪುರಕ್ಕೆ ಒತ್ತುತ್ತದೆ. ಅರವತ್ತು ವರ್ಷದ ಹೊಡೆತವೆಲ್ಲ ಆ ತಗಡಿಗೆ. ಆರ್ಮ್ ಬೋಲ್ಟುಗಳ ಸುತ್ತ, ಟವರ್ ಬಾಡಿಗೆ ಸೇರುವ ಬೆಸುಗೆಗಳ ಬಳಿ ಗ್ರೀಸು, ಬಣ್ಣ ಕೆರೆದು ದೀಪ ಹಿಡಿದು ನೋಡಿ. ಕೂದಲೆಳೆ ಬಿರುಕು ಇದ್ದರೆ ಬೆಸುಗೆ ಹಾಕಿಸದೆ ಮುಂದೆ ಹೋಗಬೇಡಿ. ಎರಡು ಗೋಪುರಗಳನ್ನು ಹಿಂದಿನ ಗೋಡೆಗೆ ಬಿಗಿಯುವ ಒಂದೇ ತುಂಡಿನ ಎಕ್ಸ್‌ಪೋರ್ಟ್ ಬ್ರೇಸು, ಅಡ್ಡಕ್ಕೆ ಒಂದು ಮಾಂಟೆ ಕಾರ್ಲೊ ಸರಳು, ಇವೆರಡೂ ಅಗ್ಗ ಮತ್ತು ಉಪಯುಕ್ತ. ಬ್ರೇಸಿನ ಬೋಲ್ಟಿನ ತೂತು ತಾಳೆಯಾಗದಿದ್ದರೆ ಬೈಯಬೇಕಾದ್ದು ಬ್ರೇಸನ್ನಲ್ಲ. ಗೋಪುರಗಳು ವರ್ಷಗಳಿಂದ ಒಳಕ್ಕೆ ವಾಲಿವೆ ಎಂದು ಅದು ಹೇಳುತ್ತಿದೆ.

ಇನ್ನು ಆ ಕೀರಲು ಸದ್ದು. ಹಳೇ ಮಸ್ಟಾಂಗ್ ಹಂಪ್ ಹತ್ತಿಳಿಯುವಾಗ ತುಕ್ಕು ಹಿಡಿದ ಗೇಟಿನ ಹಾಗೆ ಕಿರ್ರೆನ್ನುತ್ತದಲ್ಲ, ಅದು ಮೇಲಿನ ಆರ್ಮ್‌ನ ಬುಶ್ಶುಗಳದ್ದು, ಅಂದರೆ ಆರ್ಮ್ ಆಡುವ ಕೀಲಿನ ಕೊಳವೆಗಳದ್ದು. ಅವು ರಬ್ಬರಿನವಲ್ಲ, ಶಾಫ್ಟಿನ ಮೇಲೆ ತಿರುಗುವ ಹಲ್ಲಿನ ಉಕ್ಕಿನವು. ಗ್ರೀಸ್ ಗನ್ನಿನ ಮೂತಿ ಸುಲಭಕ್ಕೆ ತಲುಪದ ಜಾಗದಲ್ಲಿವೆ, ಹಾಗಾಗಿ ಗ್ರೀಸೇ ಕಂಡಿರುವುದಿಲ್ಲ. ಇನ್ನೊಂದು ಗುಪ್ತ ಶತ್ರು ಸ್ಪ್ರಿಂಗ್ ಕೂರುವ ಪರ್ಚ್. ಅದರೊಳಗೆ ರಬ್ಬರ್ ಬುಶ್ ಇದೆ, ಆರ್ಮ್ ಆಡಿದಂತೆಲ್ಲ ಅದು ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತದೆ. ರೋಲರ್ ಬೇರಿಂಗ್ ಇರುವ ಪರ್ಚ್ ಹಾಕಿದರೆ ಸ್ಪ್ರಿಂಗು ಬದಲಿಸದೆಯೇ ಸವಾರಿ ಮೆದುವಾಗುತ್ತದೆ. ಇದಕ್ಕೆ ಕೊಟ್ಟ ಕಾಸಿಗೆ ಬರುವಷ್ಟು ಫಲ ಬೇರೆ ಯಾವ ಬಿಡಿಭಾಗದಿಂದಲೂ ಬರಲಾರದು.

ಕೆಳಗಿನ ಆರ್ಮ್‌ನ ಬುಶ್ಶು ಮತ್ತು ಹಿಂದಿನ ಕಮಾನು ಪಟ್ಟಿಯ ಮುಂದಿನ ಕಣ್ಣು ಮಾತ್ರ ರಬ್ಬರಿನವು. ಇವುಗಳ ಬೋಲ್ಟನ್ನು ಕಾರು ಜಾಕಿಯ ಮೇಲೆ ನೇತಾಡುತ್ತಿರುವಾಗ ಪೂರ್ತಿ ಬಿಗಿಯುವುದು ಅತಿ ಸಾಮಾನ್ಯ ತಪ್ಪು. ಹಾಗೆ ಬಿಗಿದರೆ ರಬ್ಬರು ಆ ನೇತಾಡುವ ಸ್ಥಿತಿಯಲ್ಲೇ ಹಿಡಿದುಕೊಳ್ಳುತ್ತದೆ. ಇಳಿಸಿದ ಮೇಲೆ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ, ಕಾರು ಕೂರಬೇಕಾದ ಮಟ್ಟಕ್ಕೆ ಕೂರುವುದೂ ಇಲ್ಲ. 'ಹೊಸ ಸ್ಪ್ರಿಂಗು ಹಾಕಿದ ಮೇಲೆ ಮುಂಭಾಗ ಎತ್ತರವಾಯಿತು' ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಬೋಲ್ಟು ಕೈಬಿಗಿ ಮಾಡಿ, ಕಾರನ್ನು ಚಕ್ರದ ಮೇಲೆ ಇಳಿಸಿ, ನಾಲ್ಕು ಸಲ ಕುಲುಕಿಸಿ, ಆಮೇಲೆ ಟಾರ್ಕ್ ವ್ರೆಂಚ್ ಹಿಡಿಯಿರಿ.

ಡಿಸ್ಕ್ ಹಾಕಲು ಸಾಮಾನ್ಯವಾಗಿ ಸ್ಪಿಂಡಲ್ ಬಿಚ್ಚಬೇಕು, ಸ್ಪಿಂಡಲ್ ಬಿಚ್ಚಿದರೆ ಅದನ್ನು ಮೇಲಿನ, ಕೆಳಗಿನ ಆರ್ಮ್ ಎರಡಕ್ಕೂ ಸೇರಿಸುವ ಗುಂಡು ಕೀಲುಗಳು (ಬಾಲ್ ಜಾಯಿಂಟು) ಕಳಚುತ್ತವೆ. ಆದ್ದರಿಂದ ಮುಂಭಾಗದ ಸಸ್ಪೆನ್ಷನ್ನನ್ನೂ ಬ್ರೇಕನ್ನೂ ಒಂದೇ ಬಿಚ್ಚಾಟದಲ್ಲಿ ಮುಗಿಸುವುದು ಜಾಣತನ. ಸ್ಪ್ರಿಂಗ್ ತೆಗೆಯುವುದು ಇಡೀ ಕೆಲಸದ ಅತ್ಯಂತ ಅಪಾಯದ ಗಳಿಗೆ. ಬೇರೆ ಅನೇಕ ಕಾರುಗಳಲ್ಲಿ ಕೆಳಗಿನ ಆರ್ಮ್‌ಗೆ ಜಾಕಿ ಕೊಟ್ಟರೆ ಸ್ಪ್ರಿಂಗು ಹಿಡಿತಕ್ಕೆ ಬರುತ್ತದೆ. ಇಲ್ಲಿ ಸ್ಪ್ರಿಂಗು ಮೇಲಿನ ಆರ್ಮ್ ಮೇಲಿರುವುದರಿಂದ ಆ ಉಪಾಯ ನಂಬಬಾರದು. ಶಾಕ್ ಅಬ್ಸಾರ್ಬರಿನ ಮೇಲಿನ ಟೋಪಿ ಕಳಚಿ, ಶಾಕನ್ನು ಹೊರಗೆಳೆದು, ಆ ತೂತಿನಿಂದ ಸ್ಪ್ರಿಂಗಿನ ಹೊಟ್ಟೆಯೊಳಗೆ ಇಳಿಯುವ ಕೊಕ್ಕೆಯ ಕಂಪ್ರೆಸರ್ ಬೇಕು. ಕೊಕ್ಕೆ ಆದಷ್ಟೂ ಕೆಳಗಿನ ಸುರುಳಿ ಹಿಡಿಯಲಿ, ಎಳೆಯ ಹಲ್ಲಿಗೆ ಗ್ರೀಸ್ ಇರಲಿ, ಇಂಪ್ಯಾಕ್ಟ್ ಗನ್ ಬೇಡ, ಮುಖ ಸ್ಪ್ರಿಂಗಿನ ನೇರಕ್ಕೆ ಬೇಡ. ಸ್ಪ್ರಿಂಗು ಪರ್ಚ್ ಮೇಲೆ ಸಡಿಲವಾಗಿ ಅಲುಗಾಡುವವರೆಗೆ ಹಿಂಡಿ, ಆಮೇಲೆ ಆರ್ಮ್ ಬಿಚ್ಚಿ. ಬಾಲ್ ಜಾಯಿಂಟಿನ ನಟ್ಟನ್ನು ನಾಲ್ಕೈದು ಸುತ್ತು ಉಳಿಸಿಕೊಂಡೇ ಸ್ಪಿಂಡಲ್ಲಿನ ಕಿವಿಗೆ ಪಕ್ಕದಿಂದ ಸುತ್ತಿಗೆ ಏಟು ಕೊಟ್ಟರೆ ಮೊಳೆ ಬಿಟ್ಟುಕೊಳ್ಳುತ್ತದೆ. ಕವಲು ಉಳಿ ಹೊಡೆದರೆ ರಬ್ಬರ್ ಕವಚ ಹರಿಯುತ್ತದೆ. ಎಂಜಿನ್ ಬದಿಯಲ್ಲಿರುವ ಆರ್ಮ್‌ನ ಎರಡು ನಟ್ಟು ತೆಗೆಯುವಾಗ ಒಳಗೆ ತೆಳು ಶಿಮ್‌ಗಳು ಬೀಳುತ್ತವೆ. ಮುಂದೆ ಎಷ್ಟು, ಹಿಂದೆ ಎಷ್ಟು, ಎಡಕ್ಕೆ ಬಲಕ್ಕೆ ಎಷ್ಟು ಎಂದು ಟೇಪಿನ ಮೇಲೆ ಬರೆದು ಅಂಟಿಸಿ.

ಆರ್ಮ್ ಹೊರಬಂದಿರುವ ಈ ಹೊತ್ತಲ್ಲೇ ಮಾಡಬೇಕಾದದ್ದು ತಲೆಬರಹದ ಆ ನಾಲ್ಕು ತೂತಿನ ಕೆಲಸ: ಮೇಲಿನ ಆರ್ಮ್ ತಗ್ಗಿಸಿ ಕೂರಿಸಲು ಪಕ್ಕಕ್ಕೆ ಎರಡರಂತೆ ಹೊಸ ತೂತು ಕೊರೆಯುವುದು. ಫೋರ್ಡಿನ ಸಸ್ಪೆನ್ಷನ್ ಎಂಜಿನಿಯರ್ ಕ್ಲಾಸ್ ಆರ್ನಿಂಗ್ ಲೆಕ್ಕ ಹಾಕಿದ್ದು ಇದು. ಕ್ಯಾರಲ್ ಶೆಲ್ಬಿಯ ಕಂಪನಿ ರೇಸಿಗೆ ಹದಗೊಳಿಸಿದ ಮಸ್ಟಾಂಗ್ ಆದ 1965ರ ಶೆಲ್ಬಿ ಜಿಟಿ350ಗಳಲ್ಲಿ ಬಂದದ್ದರಿಂದ 'ಶೆಲ್ಬಿ ಡ್ರಾಪ್' ಎಂಬ ಹೆಸರೇ ಹೆಚ್ಚು ಬಳಕೆ. ಖರ್ಚು ಉಳಿಸಲು 1966ರ ನಡುವೆ ಶೆಲ್ಬಿಯವರೇ ಕೈಬಿಟ್ಟರು. ತತ್ವ ಸರಳ. ಕಾರ್ಖಾನೆಯ ಜಾಗದಲ್ಲಿ ಮೇಲಿನ ಆರ್ಮ್‌ನ ಒಳತುದಿ ಎತ್ತರದಲ್ಲಿ, ಹೊರತುದಿ ತಗ್ಗಿನಲ್ಲಿ ಇದೆ. ತಿರುವಿನಲ್ಲಿ ಬಾಡಿ ವಾಲಿ ಹೊರಗಿನ ಚಕ್ರ ಮೇಲೇರಿದಾಗ ಆರ್ಮ್‌ನ ಹೊರತುದಿ ಕೈವಾರದ ಮುಳ್ಳಿನಂತೆ ಮೊದಲು ಹೊರಕ್ಕೆ ಚಾಚುತ್ತದೆ, ಟೈರಿನ ತಲೆ ಹೊರಕ್ಕೆ ವಾಲುತ್ತದೆ, ಕಾರಿನ ಭಾರವೆಲ್ಲ ಟೈರಿನ ಹೊರ ಅಂಚಿಗೆ ಬೀಳುತ್ತದೆ. ಒಳತುದಿಯನ್ನೇ ಕೆಳಗಿಳಿಸಿದರೆ ಅದೇ ಚಲನೆ ಟೈರಿನ ತಲೆಯನ್ನು ಒಳಕ್ಕೆಳೆಯುತ್ತದೆ. ಟೈರು ನೆಲಕ್ಕೆ ಚಪ್ಪಟೆಯಾಗಿ ಕೂರುತ್ತದೆ.

ಅಳತೆ: ಹಳೇ ತೂತಿನಿಂದ ಸರಿಯಾಗಿ 1 ಇಂಚು ಕೆಳಗೆ, 1/8 ಇಂಚು ಹಿಂದಕ್ಕೆ. ತೂತು 17/32 ಇಂಚು, ಸುಮಾರು 13.5 ಮಿ.ಮೀ. ಹಳೇ ತೂತುಗಳಿಗೆ ಬೋಲ್ಟು ಹಾಕಿ ಕೂರಿಸುವ ಉಕ್ಕಿನ ಟೆಂಪ್ಲೇಟು ಸಿಗುತ್ತದೆ. ಎಡಕ್ಕೆ ಮುಗಿಸಿ ಬಲಕ್ಕೆ ಹೋಗುವಾಗ ಅದನ್ನು ಮಗುಚಬೇಕು. ಮರೆತರೆ ಆ 1/8 ಇಂಚು ಹಿಂದಕ್ಕೆ ಹೋಗುವ ಬದಲು ಮುಂದಕ್ಕೆ ಹೋಗುತ್ತದೆ, ಕಾರು ಜೀವನವಿಡೀ ಒಂದು ಕಡೆಗೆ ಎಳೆಯುತ್ತದೆ. ಮೊದಲು 1/8 ಇಂಚಿನ ಬಿಟ್, ಆಮೇಲೆ ಹಂತ ಹಂತವಾಗಿ ದೊಡ್ಡದು. ತಗಡು ಇಲ್ಲಿ ಒಂದೇ ಪದರವಲ್ಲ, ಎರಡನೆಯ ಪದರಕ್ಕೆ ಬಿಟ್ ತಾಗಿದಾಗ ಡ್ರಿಲ್ಲು ಕೈ ತಿರುಚುತ್ತದೆ. ಕತ್ತರಿಸುವ ಎಣ್ಣೆ ಹಾಕಿ, ವೇಗ ಕಡಿಮೆ ಮಾಡಿ. ಅಂಚಿನ ಮುಳ್ಳು ತೆಗೆದು ಸತುವಿನ ಪ್ರೈಮರ್ ಬಳಿಯಿರಿ. ಹಳೇ ತೂತು ಮುಚ್ಚಬೇಕಿಲ್ಲ, ಬೇಡವೆನಿಸಿದರೆ ಹಿಂದಿರುಗಲು ಅದೇ ದಾರಿ. ಮುಂಭಾಗ ಸುಮಾರು 5/8 ಇಂಚು ತಗ್ಗುತ್ತದೆ. 'ಒಂದು ಇಂಚು ಒಳ್ಳೆಯದಾದರೆ ಎರಡು ಇನ್ನೂ ಒಳ್ಳೆಯದು' ಎಂದು ಹೊರಟರೆ ಚಕ್ರ ಪೂರ್ತಿ ಇಳಿಬಿದ್ದಾಗ ಮೇಲಿನ ಬಾಲ್ ಜಾಯಿಂಟಿನ ಮೊಳೆ ತನ್ನ ಬಟ್ಟಲಿನ ಅಂಚಿಗೆ ಬಡಿಯುತ್ತದೆ. ಅದಕ್ಕೆ ಓರೆ ಬಿಲ್ಲೆಯ ಕಿಟ್ಟು ಬೇರೆ ಬೇಕು. ರಸ್ತೆಯ ಕಾರಿಗೆ ಒಂದು ಇಂಚು ಸಾಕು.

ಶಾಕ್ ಟವರುಗಳನ್ನೇ ಕೊಯ್ದು 1970ರ ದಶಕದ 'ಮಸ್ಟಾಂಗ್ II' ಮಾದರಿಯ ಮುಂಭಾಗ ಬೆಸೆಯುವವರೂ ಇದ್ದಾರೆ. ದೊಡ್ಡ ಎಂಜಿನ್ನಿಗೆ ಜಾಗ ಬೇಕಿದ್ದರೆ ಅದು ಸರಿ. ಬರೀ ಹಿಡಿತಕ್ಕಾಗಿ ಎಂದರೆ, ಬೀಡಿ ಹಚ್ಚಲು ಬಣವೆಗೆ ಬೆಂಕಿ ಇಟ್ಟಂತೆ. ಆ ಗೋಪುರಗಳು ಭಾರವನ್ನು ಬಾಡಿಗೆ ಹಂಚುತ್ತವೆ. ತೆಗೆದರೆ ಅಷ್ಟೂ ಭಾರ ಮುಂದಿನ ತೆಳು ಚೌಕಟ್ಟಿನ ಮೇಲೆ.

ಸ್ಪ್ರಿಂಗಿನ ವಿಷಯ. ಇಂಚಿಗೆ 620 ಪೌಂಡಿನ, ಒಂದು ಇಂಚು ತಗ್ಗಿದ ಸ್ಪ್ರಿಂಗು ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಅಂಕಿ ನೋಡಿ ಹೆದರಬೇಡಿ. ಸ್ಪ್ರಿಂಗು ಆರ್ಮ್‌ನ ಹೆಚ್ಚುಕಡಿಮೆ ನಡುವಿನಲ್ಲಿ ಕೂತಿರುವುದರಿಂದ ಚಕ್ರಕ್ಕೆ ತಾಗುವ ಬಿರುಸು ಅದರ ಸುಮಾರು ಕಾಲು ಭಾಗ ಮಾತ್ರ. ಹಳೇ ಸ್ಪ್ರಿಂಗನ್ನೇ ಕತ್ತರಿಸಿ ತಗ್ಗಿಸುವುದಾದರೆ ಗರಗಸದ ಚಕ್ರದಿಂದ, ಅರ್ಧ ಸುರುಳಿಗಿಂತ ಹೆಚ್ಚಿಲ್ಲ. ಗ್ಯಾಸ್ ಜ್ವಾಲೆ ತಾಗಿಸಿದರೆ ಉಕ್ಕಿನ ಹದವೇ ಹೋಗುತ್ತದೆ. ಮತ್ತೆ ಕೂರಿಸುವಾಗ ಕೆಳಗಿನ ಸುರುಳಿಯ ತುದಿ ಪರ್ಚಿನ ತಡೆಯಿಂದ ಅರ್ಧ ಇಂಚಿನೊಳಗೆ ಇರಲಿ. ಇಲ್ಲದಿದ್ದರೆ ಒಂದು ಮಗ್ಗುಲು ಎತ್ತರ, ಒಂದು ತಗ್ಗು.

ತಿರುವಿನಲ್ಲಿ ಬಾಡಿ ವಾಲುವುದನ್ನು ತಡೆಯುವ ಮುಂದಿನ ಆಂಟಿ ರೋಲ್ ಸರಳಿನ ಬಿಗಿತ ವ್ಯಾಸದ ನಾಲ್ಕನೆಯ ಘಾತದಂತೆ ಏರುತ್ತದೆ. 11/16 ಇಂಚಿನದನ್ನು ತೆಗೆದು 1 ಇಂಚಿನದು ಹಾಕಿದರೆ ಸುಮಾರು ನಾಲ್ಕೂವರೆ ಪಟ್ಟು. ಹಿಂದಕ್ಕೆ ಸರಳು ಸದ್ಯಕ್ಕೆ ಬೇಡವೇ ಬೇಡ. ಒದ್ದೆ ರಸ್ತೆಯಲ್ಲಿ ಹಿಂಭಾಗ ಜಾರಲು ಅದು ಆಹ್ವಾನ. ಹಿಂದೆ ಇರುವುದು ನಮ್ಮ ಅಂಬಾಸಡರಿನಲ್ಲಿ, ಲಾರಿಗಳಲ್ಲಿ ನೋಡಿದ ಅದೇ ಕಮಾನು. ಜಗ್ಗಿದ ಕಮಾನನ್ನು ಕಾಯಿಸಿ ಬಡಿದು ಬಾಗಿಸುವ ಬದಲು ನಾಲ್ಕೂವರೆ ಎಲೆಯ, ನಡುಗಣ್ಣಿನ (ತುದಿಯ ಬಳೆ ಎಲೆಯ ನೇರಕ್ಕೇ ನಡುವಿರುವ) ಹೊಸ ಜೋಡಿ ಹಾಕಿ. ಹಿಂಭಾಗವೂ ಒಂದು ಇಂಚು ತಗ್ಗಿ ಮುಂದಕ್ಕೆ ಸಮನಾಗುತ್ತದೆ. ಗಟ್ಟಿ ಗ್ಯಾಸು ಕೊಟ್ಟಾಗ ಕಮಾನು ಹಾವಿನಂತೆ ಸುತ್ತಿ ಚಕ್ರ ಕುಪ್ಪಳಿಸಿದರೆ ಮಾತ್ರ ಟ್ರಾಕ್ಷನ್ ಸರಳಿನ ಯೋಚನೆ. ಯು ಬೋಲ್ಟುಗಳನ್ನು ಮರುಬಳಕೆ ಮಾಡಬೇಡಿ, ಒಮ್ಮೆ ಎಳೆದ ಬೋಲ್ಟು ಮತ್ತೆ ಹಿಡಿಯುವುದಿಲ್ಲ.

ಈಗ ಬ್ರೇಕು. ಡ್ರಮ್ಮನ್ನು ಸುಮ್ಮನೆ ಹೀಯಾಳಿಸುವುದು ನ್ಯಾಯವಲ್ಲ. ತಿರುಗುವ ಡ್ರಮ್ಮು ಮುಂದಿನ ಶೂವನ್ನು ತನ್ನ ಜೊತೆ ಎಳೆದುಕೊಂಡು ಹಿಂದಿನದಕ್ಕೆ ಒತ್ತುತ್ತದೆ, ಕಾಲಿನ ಬಲವನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ. ಕಾಲಿನ ಬಲಕ್ಕೆ ನೆರವಾಗುವ ಬೂಸ್ಟರ್ ಇಲ್ಲದೆ ಪೆಡಲ್ ಹಗುರ ಇದ್ದದ್ದು ಇದರಿಂದಲೇ. ಸೋಲುವುದು ಬಿಸಿಗೆ. ವೇಗ ಎರಡರಷ್ಟಾದರೆ ಅರಗಿಸಬೇಕಾದ ಶಾಖ ನಾಲ್ಕರಷ್ಟು, ಕಾದ ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಡಿಸ್ಕು ಹಿಗ್ಗಿದರೆ ಪ್ಯಾಡಿನ ಕಡೆಗೇ ಹಿಗ್ಗುತ್ತದೆ. ಆದರೆ ಡಿಸ್ಕಿಗೆ ಆ ತಾನೇ ಎಳೆದುಕೊಳ್ಳುವ ಗುಣ ಇಲ್ಲ. 'ಡಿಸ್ಕ್ ಹಾಕಿದ ಮೇಲೆ ಪೆಡಲ್ ಕಲ್ಲಿನಂತಾಯಿತು' ಎಂಬ ನಿರಾಸೆ ಬರುವುದು ಇಲ್ಲಿಂದ.

ಕಲ್ಲಿನ ಪೆಡಲ್ಲಿಗೆ ಎರಡು ಪರಿಹಾರ. ಮಾಸ್ಟರ್ ಸಿಲಿಂಡರಿನ ಒಳವ್ಯಾಸವನ್ನು 1 ಇಂಚಿನಿಂದ 15/16ಕ್ಕೆ ಇಳಿಸಿದರೆ ಅದೇ ಕಾಲಿಗೆ ಒತ್ತಡ ಸುಮಾರು ಶೇ 14 ಹೆಚ್ಚುತ್ತದೆ. ಪೆಡಲ್ ಅಷ್ಟೇ ಹೆಚ್ಚು ಕೆಳಗಿಳಿಯುತ್ತದೆ. ಇಲ್ಲವೇ ನಿರ್ವಾತ ಬೂಸ್ಟರ್. ಎಂಜಿನ್ನಿಗೆ ಕವಾಟಗಳನ್ನು ಹೆಚ್ಚು ಹೊತ್ತು ತೆರೆದಿಡುವ ಬಿರುಸು ಕ್ಯಾಮ್ ಹಾಕಿದ್ದರೆ ಐಡ್ಲಿಂಗಿನಲ್ಲಿ ನಿರ್ವಾತವೇ ಸಾಲದೆ ಸಿಗ್ನಲ್ಲಿನಲ್ಲಿ ಎರಡನೆಯ ಸಲ ತುಳಿದಾಗ ಬೂಸ್ಟರ್ ಕೈಕೊಡುತ್ತದೆ. ಅಂಥ ಕಾರಿಗೆ ಸಣ್ಣ ವ್ಯಾಸದ ಸಾದಾ ಸಿಲಿಂಡರೇ ಮೇಲು. ಏನೇ ಆಗಲಿ, ಎರಡು ಬಟ್ಟಲಿನ ಮಾಸ್ಟರ್ ಕಡ್ಡಾಯ. ಫೋರ್ಡೇ 1967ರಲ್ಲಿ ಅದಕ್ಕೆ ಬದಲಾಯಿತು. ದೊಡ್ಡ ಬಟ್ಟಲು ಡಿಸ್ಕಿಗೆ, ಏಕೆಂದರೆ ಪ್ಯಾಡು ಸವೆದಂತೆ ಅದನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರು ಎಣ್ಣೆ ಉಳಿಸಿಕೊಳ್ಳುತ್ತಾ ಹೋಗುತ್ತದೆ. ಮೂರು ದಾರಿಗೆ ಹಂಚುತ್ತಿದ್ದ ಹಳೇ ಹಿತ್ತಾಳೆ ಜೋಡಣೆಯಿಂದ ಹಿಂದಿನ ಪೈಪನ್ನು ಬೇರ್ಪಡಿಸದಿದ್ದರೆ ಎರಡು ಬಟ್ಟಲು ಇದ್ದೂ ಇಲ್ಲದಂತೆ. ಮೊದಲ ತಂಡದ ಕೆಲವು ಕಾರುಗಳಲ್ಲಿ ಬ್ರೇಕ್ ದೀಪದ ಸ್ವಿಚ್ಚು ಮಾಸ್ಟರ್ ಸಿಲಿಂಡರಿನ ಮೇಲೇ ಇದೆ. ಸಿಲಿಂಡರ್ ಬದಲಿಸಿದ ದಿನ ಹಿಂದೆ ದೀಪ ಹತ್ತುತ್ತದೆಯೇ ಎಂದು ಒಬ್ಬರನ್ನು ನಿಲ್ಲಿಸಿ ನೋಡಿ.

ಯಾವ ಡಿಸ್ಕ್? 1965ರಲ್ಲೇ ಹೆಚ್ಚುವರಿ ಹಣಕ್ಕೆ ಸಿಗುತ್ತಿದ್ದ ಕೆಲ್ಸಿ-ಹೇಯ್ಸ್ ನಾಲ್ಕು ಪಿಸ್ಟನ್ನಿನ ಕ್ಯಾಲಿಪರು, ಸುಮಾರು 11.3 ಇಂಚಿನ ಗಾಳಿಯಾಡುವ ರೋಟರು (ಡಿಸ್ಕಿನ ತಟ್ಟೆ), ಇದರ ನಕಲು ಇಂದಿಗೂ ದೊರೆಯುತ್ತದೆ. ಕಾರಿಗೆ ಒಪ್ಪುವುದೂ ಇದೇ. 1975–80ರ ಫೋರ್ಡ್ ಗ್ರನಾಡಾದ ಸ್ಪಿಂಡಲ್ ಹಾಕುವುದು ಗುಜರಿ ಅಂಗಡಿಯ ಕಾಲದ ಉಪಾಯ. ಟೈ ರಾಡ್ ಹೊಂದಿಸುವ ಗೋಜಲು, ಹಂಪಿನ ಮೇಲೆ ಸ್ಟೀರಿಂಗ್ ತಾನೇ ತಿರುಗುವ ಚಾಳಿ ಎರಡೂ ಅದರ ಜೊತೆ ಬರಬಹುದು. ಡ್ರಮ್ ಕಾಲದ 14 ಇಂಚಿನ ಉಕ್ಕಿನ ಚಕ್ರ ಕ್ಯಾಲಿಪರಿಗೆ ತಾಗುತ್ತದೆ; ಕೊಳ್ಳುವ ಮುಂಚೆ ಚಕ್ರವನ್ನು ಕೂರಿಸಿ ಒಂದು ಸುತ್ತು ತಿರುಗಿಸಿ ನೋಡಿ.

ಪೈಪು 3/16 ಇಂಚಿನದು, ತುದಿಗೆ ಡಬಲ್ ಫ್ಲೇರ್, ಅಂದರೆ ಎರಡು ಪದರವಾಗಿ ಮಡಿಚಿ ಅಗಲಿಸಿದ ಬಾಯಿ. ಒಂಟಿ ಮಡಿಕೆ ಬಿರಿಯುತ್ತದೆ, ನೀರಿನ ನಲ್ಲಿಗೆ ಹಾಕುವ ಕಂಪ್ರೆಷನ್ ಜೋಡಣೆ ಇಲ್ಲಿ ಆತ್ಮಹತ್ಯೆ. ತಾಮ್ರ-ನಿಕ್ಕಲ್ ಪೈಪು ಕೈಯಲ್ಲೇ ಬಾಗುತ್ತದೆ, ತುಕ್ಕು ಹಿಡಿಯುವುದಿಲ್ಲ. ಫ್ಲೇರ್ ಮಾಡುವ ಮುಂಚೆ ನಟ್ಟು ತೂರಿಸಲು ಮರೆಯುವುದು ಎಲ್ಲರಿಗೂ ಒಮ್ಮೆ ಆಗುವಂಥದ್ದು. ರಬ್ಬರ್ ಹೋಸು ಹೊರಗೆ ಚೆನ್ನಾಗಿ ಕಂಡರೂ ಬದಲಿಸಿ. ಒಳಗೆ ಊದಿಕೊಂಡು ಎಣ್ಣೆಯನ್ನು ಹೋಗಲು ಬಿಟ್ಟು ಬರಲು ಬಿಡದ ಕವಾಟವಾಗಿರುತ್ತದೆ. ಹೋಸನ್ನು ಕ್ಯಾಲಿಪರಿಗೆ ಬಿಗಿಯುವ ಟೊಳ್ಳು ಬ್ಯಾಂಜೊ ಬೋಲ್ಟಿಗೆ ಎರಡೂ ಕಡೆ ಹೊಸ ತಾಮ್ರದ ವಾಷರ್. ಡ್ರಮ್ಮಿಗೆಂದು ಇಟ್ಟ 10 ಪಿಎಸ್‌ಐ ಉಳಿಕೆ ಒತ್ತಡದ ಕವಾಟ ಡಿಸ್ಕಿನ ದಾರಿಯಲ್ಲಿ ಉಳಿದರೆ ಪ್ಯಾಡು ಸದಾ ಉಜ್ಜುತ್ತದೆ.

ಎಣ್ಣೆ ಡಾಟ್ 4 ಇರಲಿ: ಹೊಸದರ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್, ತೇವ ಹೀರಿದ ಮೇಲೆ 155. ಸಿಲಿಕೋನಿನ ಡಾಟ್ 5 ಇದರ ಜೊತೆ ಬೆರೆಯದು. ಮಾಸ್ಟರನ್ನು ಮೊದಲು ಮೇಜಿನ ಮೇಲೆ ವೈಸಿಗೆ ಕಚ್ಚಿಸಿ ಗಾಳಿ ತೆಗೆಯಿರಿ. ಆಮೇಲೆ ಚಕ್ರಗಳು, ದೂರದ್ದು ಮೊದಲು: ಹಿಂದಿನ ಬಲ, ಹಿಂದಿನ ಎಡ, ಮುಂದಿನ ಬಲ, ಮುಂದಿನ ಎಡ. ಎರಡು ಬಾಟಲಿ ಎಣ್ಣೆ ಸುರಿದರೂ ಪೆಡಲ್ ಸ್ಪಂಜಿನಂತೆಯೇ ಇದ್ದರೆ ಕ್ಯಾಲಿಪರಿನ ಗಾಳಿ ಬಿಡುವ ತಿರುಪು ಎಲ್ಲಿದೆ ನೋಡಿ. ಅದು ಕೆಳಗಿದ್ದರೆ ಎಡದ್ದು ಬಲಕ್ಕೆ ಹೋಗಿದೆ. ಗಾಳಿ ಮೇಲೆ ಸಿಕ್ಕಿಕೊಂಡಿದೆ, ಹೊರಗೆ ಬರುತ್ತಿರುವುದು ಬರೀ ಎಣ್ಣೆ.

ಮುಂದಿನ ಚಕ್ರದ ಬೇರಿಂಗಿಗೆ ಫೋರ್ಡಿನ ಕ್ರಮ ಹೀಗೆ: ರೋಟರ್ ತಿರುಗಿಸುತ್ತಾ ನಟ್ಟನ್ನು 17–25 ಅಡಿ-ಪೌಂಡಿಗೆ ಬಿಗಿ, ಅರ್ಧ ಸುತ್ತು ಸಡಿಲಿಸು, ಮತ್ತೆ 10–15 ಇಂಚು-ಪೌಂಡಿಗೆ, ಅಂದರೆ ಬೆರಳಿನ ಬಿಗಿಗೆ, ತಂದು ಪಿನ್ ಹಾಕು. ಅಡಿ ಮತ್ತು ಇಂಚು ಅದಲುಬದಲಾದರೆ ಬೇರಿಂಗು ನೀಲಿಯಾಗಿ ಹೋಗುತ್ತದೆ. ಹೊಸ ರೋಟರಿನ ಮೇಲಿನ ಎಣ್ಣೆಯ ಲೇಪ ತೊಳೆಯದೆ ಪ್ಯಾಡು ಹಾಕಿದರೆ ಆ ಪ್ಯಾಡು ಅಲ್ಲಿಗೆ ಮುಗಿಯಿತು.

ಹತ್ತು ಕಿಲೋಮೀಟರ್ ಓಡಿಸಿ ಬಂದಾಗ ಮುಂದಿನ ಚಕ್ರ ತಾನಾಗಿ ತಿರುಗದಷ್ಟು ಹಿಡಿದಿದ್ದರೆ ಮಾಸ್ಟರ್ ಸಿಲಿಂಡರನ್ನು ಹಿಡಿದ ಎರಡು ನಟ್ಟನ್ನು ಸ್ವಲ್ಪ ಸಡಿಲಿಸಿ. ಚಕ್ರ ಬಿಟ್ಟರೆ ತಳ್ಳುವ ಸರಳು ಉದ್ದವಾಗಿದೆ, ಎಣ್ಣೆ ಹಿಂದಿರುಗುವ ಕಿಂಡಿಯನ್ನು ಪಿಸ್ಟನ್ ಮುಚ್ಚಿಕೊಂಡೇ ನಿಂತಿದೆ. ಬಿಡದೆ, ಕ್ಯಾಲಿಪರಿನ ತಿರುಪು ತೆರೆದಾಗ ಮಾತ್ರ ಬಿಟ್ಟರೆ ದೋಷ ಹೋಸಿನದು ಅಥವಾ ಆ ಉಳಿಕೆ ಕವಾಟದ್ದು. ಕೊಳ್ಳುವ ಮುಂಚೆ ಹೀಗೆ ಹುಡುಕಿದರೆ ಕ್ಯಾಲಿಪರ್ ಸುಮ್ಮನೆ ಬದಲಿಸುವುದು ತಪ್ಪುತ್ತದೆ.

ಅಲೈನ್‌ಮೆಂಟಿಗೆ ಕಾರ್ಖಾನೆಯ ಪುಸ್ತಕದ ಅಂಕಿ ಕೊಡಬೇಡಿ, ಅದು ರೇಡಿಯಲ್ಲಿಗೆ ಮುಂಚಿನ ಬಯಾಸ್ ಪ್ಲೈ ಟೈರಿಗೆ ಬರೆದದ್ದು. ರೇಡಿಯಲ್ಲಿಗೆ ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲುವುದು) ಮೈನಸ್ ಅರ್ಧ ಡಿಗ್ರಿ, ಕ್ಯಾಸ್ಟರ್ (ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲುವುದು) ಪ್ಲಸ್ ಎರಡೂವರೆಯಿಂದ ಮೂರು, ಟೋ (ಚಕ್ರಗಳ ಮೂತಿ ಪರಸ್ಪರ ತಿರುಗಿರುವುದು) ಒಳಕ್ಕೆ ಒಟ್ಟು 1/8 ಇಂಚು. 1965–66ರಲ್ಲಿ ಕ್ಯಾಂಬರ್, ಕ್ಯಾಸ್ಟರ್ ಎರಡೂ ಆ ಶಿಮ್‌ಗಳ ಕೈಯಲ್ಲೇ: ಮುಂದಿನ ಬೋಲ್ಟಿಗೆ ಶಿಮ್ ಸೇರಿಸಿ ಹಿಂದಿನದರಿಂದ ತೆಗೆದರೆ ಕ್ಯಾಸ್ಟರ್ ಏರುತ್ತದೆ. ಎರಡರ ನಡುವೆ ಅಂತರ ಜಾಸ್ತಿಯಾದರೆ ಬೋಲ್ಟು ಓರೆಯಾಗಿ ಎಳೆಸಿಕೊಳ್ಳುತ್ತದೆ. ಶಿಮ್ಮಿನಿಂದ ಮೂರು ಡಿಗ್ರಿ ಬರದಿದ್ದರೆ ಕೆಳಗಿನ ಆರ್ಮ್ ಹಿಂದೆಮುಂದೆ ಸರಿಯದಂತೆ ಹಿಡಿಯುವ, ಉದ್ದ ಹೊಂದಿಸಬಲ್ಲ ಸ್ಟ್ರಟ್ ರಾಡ್ ಹಾಕಬೇಕು, ಶಿಮ್ ತುರುಕಬಾರದು.

ಕೊನೆಗೆ ಹಿಂದಿನ ಪೈಪಿನಲ್ಲಿ ಕೂರಿಸಿದ, ಹಿಂದಿನ ಬ್ರೇಕಿಗೆ ಹೋಗುವ ಒತ್ತಡವನ್ನು ತಗ್ಗಿಸುವ ಪ್ರಪೋರ್ಷನಿಂಗ್ ಕವಾಟದ ಗುಂಡಿ. ಅದನ್ನು ಹಿಂದಿನ ಒತ್ತಡ ಅತಿ ಕಡಿಮೆ ಇರುವ ತುದಿಗೆ ತಿರುಗಿಸಿಟ್ಟುಕೊಂಡು ಖಾಲಿ ಮೈದಾನಕ್ಕೆ ಹೋಗಿ. ಗಂಟೆಗೆ 50 ಕಿ.ಮೀ.ನಿಂದ ಗಟ್ಟಿ ತುಳಿಯಿರಿ, ಹೊರಗೆ ನಿಂತ ಇನ್ನೊಬ್ಬರು ಯಾವ ಚಕ್ರ ಮೊದಲು ಕಚ್ಚಿ ತಿರುಗುವುದನ್ನು ನಿಲ್ಲಿಸಿತು ನೋಡಲಿ. ಮುಂದಿನದೇ ಕಚ್ಚುತ್ತಿದ್ದರೆ ಕಾಲು ಸುತ್ತು ತೆರೆಯಿರಿ, ಮತ್ತೆ ತುಳಿಯಿರಿ. ಹಿಂದಿನದು ಮೊದಲು ಕಚ್ಚಿದ ಗಳಿಗೆಯಲ್ಲಿ ಗುಂಡಿಯನ್ನು ಒಂದು ಹೆಜ್ಜೆ ಹಿಂದಕ್ಕೆ ತಿರುಗಿಸಿ, ಅದಕ್ಕೆ ಬಣ್ಣದ ಗುರುತು ಹಾಕಿ. ಒದ್ದೆ ನೆಲದಲ್ಲಿ ಭಾರ ಮುಂದಕ್ಕೆ ಕಡಿಮೆ ಸರಿಯುತ್ತದೆ, ಹಾಗಾಗಿ ಮಳೆ ಬಂದ ದಿನ ಅದೇ ಪರೀಕ್ಷೆ ಮತ್ತೊಮ್ಮೆ ಮಾಡಿ. 800 ಕಿ.ಮೀ. ಓಡಿದ ಮೇಲೆ ಯು ಬೋಲ್ಟಿಗೆ ಮತ್ತೆ ವ್ರೆಂಚ್ ಹಿಡಿಯಿರಿ. ಹೊಸ ಕಮಾನು ಕೂತಿರುತ್ತದೆ, ನಟ್ಟು ಇನ್ನಷ್ಟು ತಿರುಗಬಹುದು.